ಬಾಲಿಯ ಸಂತೆಯಲ್ಲೊಂದು ಓಲೆಗರಿ

ಊರಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ನಮ್ಮಲ್ಲಿ ಬಹು ಹಳೆಯ ಸಂಪ್ರದಾಯ. ಕಾಶಿಗೆ ಹೋದವರು ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತರುತ್ತಿದ್ದರು. ತಿರುಪತಿಯಿಂದ ಲಡ್ಡು ಬರುತ್ತಿತ್ತು. ಜಾತ್ರೆಯಿಂದ ಬೆಂಡು ಬತ್ತಾಸು. ಚನ್ನಪಟ್ಟಣದ ಹಾದಿಯಾಗಿ ಬಂದವರ ಚೀಲದಲ್ಲಿ ಮಕ್ಕಳಿಗೆಂದು ಅರಗಿನ ಬಣ್ಣದ ಬೊಂಬೆ. ಇವುಗಳ ಬೆಲೆಯೆಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಹೋದವನು ಅಲ್ಲಿಯೂ ನಮ್ಮನ್ನು ನೆನೆದಿದ್ದನೆಂಬುದಷ್ಟೆ ಆ ವಸ್ತುವಿನ ಅರ್ಥ. ಈಗ ಕಾಲ ಬದಲಾಗಿದೆ. ಇತರರಿಗೆ ತರುವುದಕ್ಕಿಂತ ನಮಗೇ ತಂದುಕೊಳ್ಳುವುದು ಹೆಚ್ಚು. ‘ನಾನೂ ಅಲ್ಲಿಗೆ ಹೋಗಿದ್ದೆ’ ಎಂದು ಗೋಡೆಯ ಮೇಲಿನಿಂದ ಸಾಕ್ಷಿ ಹೇಳಲು ನಮಗೊಂದು ವಸ್ತು ಬೇಕು.

ಇಂಥ ಸಾಕ್ಷಿಯನ್ನು ಹುಡುಕಿಕೊಂಡು ಕಳೆದ ದಸರೆಯ ರಜೆಯಲ್ಲಿ ನಾನು ಬಾಲಿ ದ್ವೀಪದ ಸಂತೆಗಳಲ್ಲಿ ಅಲೆದೆ. ಸಮುದ್ರ, ಸೂರ್ಯಾಸ್ತ, ಜ್ವಾಲಾಮುಖಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ, ಇವುಗಳ ವರ್ಣನೆಯನ್ನು ವಾಚಕರು ಬೇರೆಯವರಿಂದ ಬೇಕಾದಷ್ಟು ಓದಿದ್ದಾರೆ. ನಾನು ಹೇಳಹೊರಟಿರುವುದು ಕೊಂಡ ಕೆಲವು ವಸ್ತುಗಳ ವಿಷಯ, ಮತ್ತು ಕೊಳ್ಳದೆ ಬಿಟ್ಟ ಒಂದರ ವಿಷಯ.

ಗಿಯಾಂಜಾರ್ ಸೀಮೆಯ ಸುಕಾವತಿ ಎಂಬಲ್ಲಿ ಕರಕುಶಲ ವಸ್ತುಗಳ ದೊಡ್ಡ ಮಾರುಕಟ್ಟೆಯಿದೆ. ನಮ್ಮ ತಂಡದ ಮೂರು ಕುಟುಂಬಗಳು ಬೆಳಗ್ಗೆಯೆ ಅಲ್ಲಿಗೆ ದಾಳಿಯಿಟ್ಟೆವು. ಅಂಗಡಿಗಳ ಮುಂದೆ ಎಳೆಯ ತೆಂಗಿನ ಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆಗಳು. ಅವುಗಳಲ್ಲಿ ಬಣ್ಣಬಣ್ಣದ ಹೂ, ಮೇಲೊಂದು ಊದುಬತ್ತಿ. ಚನಾಂಗ್ ಸಾರಿ ಎಂದು ಇದರ ಹೆಸರು. ದಿನದಿನವೂ ಹೊಸದಾಗಿ ಹೆಣೆದು ಇಡುತ್ತಾರೆ. ಅಂದರೆ ಆ ದ್ವೀಪದಲ್ಲಿ ಅತ್ಯಂತ ಹೆಚ್ಚಾಗಿ ತಯಾರಾಗುವ ಕರಕುಶಲ ವಸ್ತು ಮಾರಾಟಕ್ಕಿಲ್ಲ. ದೇವರ ಮುಂದೆ ಬಾಡಿ ಹೋಗುವುದಕ್ಕಾಗಿಯೆ ಅದು ಹುಟ್ಟುತ್ತದೆ. ಅದನ್ನು ದಾಟಿ ಒಳಗೆ ಹೋದ ಮೇಲೆ ಉಳಿದುದೆಲ್ಲ ಮಾರಾಟಕ್ಕೆ: ಮರದ ಗರುಡ, ಬೆತ್ತದ ಚೀಲ, ಬತಿಕ್ ಬಟ್ಟೆ, ಕಲ್ಲಿನ ಗಣಪತಿ, ಬೀಸಣಿಗೆ, ಚಿತ್ರಪಟ.

ಅಲ್ಲಿ ಮೊದಲು ಕಲಿಯಬೇಕಾದ ಮಾತು ‘ಹರ್ಗಾ’. ಹರ್ಗಾ ಎಂದರೆ ಬೆಲೆ. ಅದನ್ನು ಕೇಳಿದೊಡನೆ ನನ್ನೊಳಗಿನ ಉಪಾಧ್ಯಾಯ ಎಚ್ಚರಗೊಂಡ. ಇದು ನಮ್ಮ ಸಂಸ್ಕೃತದ ‘ಅರ್ಘ’ವೇ. ಅರ್ಘವೆಂದರೆ ಬೆಲೆ; ಅದೇ ಮೂಲದಿಂದ ಬಂದ ಅರ್ಘ್ಯ ದೇವರಿಗೂ ಅತಿಥಿಗೂ ಸಲ್ಲುವ ಮರ್ಯಾದೆ; ಬೆಲೆ ಕಟ್ಟಲಾಗದ್ದು ಅನರ್ಘ್ಯ. ನಾವು ಅರ್ಘ್ಯವನ್ನು ಪೂಜೆಗೆ ಉಳಿಸಿಕೊಂಡೆವು, ಅವರು ಅರ್ಘವನ್ನು ಸಂತೆಗೆ ಉಳಿಸಿಕೊಂಡರು. ಅವರ ಹಣದ ಹೆಸರಾದ ‘ರುಪಿಯಾ’ ನಮ್ಮ ರೂಪಾಯಿಯ ಒಡಹುಟ್ಟು. ‘ಗುರು’, ‘ಸಾಸ್ತ್ರ’, ‘ಅಕ್ಸರ’, ‘ಬಹಾಸಾ’ ಇವೆಲ್ಲ ಬೀದಿಯಲ್ಲಿ ಸಿಕ್ಕ ನೆಂಟರಂತೆ ಕಾಣುತ್ತವೆ. ಇದನ್ನೆಲ್ಲ ನಾನು ವಿವರಿಸುತ್ತಿರಲು ನನ್ನ ಶ್ರೀಮತಿ, “ವ್ಯುತ್ಪತ್ತಿ ಆಮೇಲೆ ಹೇಳಿಯಂತೆ, ಆಕೆ ಎಷ್ಟು ಹೇಳಿದಳು ಅದನ್ನು ಮೊದಲು ಹೇಳಿ” ಎಂದಳು.

ಆಕೆ ಹೇಳಿದ್ದು ಒಂದು ಲಕ್ಷ ಐವತ್ತು ಸಾವಿರ, ಉಟ್ಟುಕೊಳ್ಳುವ ಒಂದು ಬಟ್ಟೆಗೆ. ಗಾಬರಿಪಡಬೇಕಾಗಿಲ್ಲ, ಅಲ್ಲಿಯ ಒಂದು ಲಕ್ಷ ನಮ್ಮ ಐನೂರು ರೂಪಾಯಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೂ ಸೊನ್ನೆಗಳನ್ನು ಕಂಡಾಗ ಮನಸ್ಸು ಅಂಜುತ್ತದೆ. ಅಂಜಿದ ಮನಸ್ಸು ಚೌಕಾಶಿಗೆ ಇಳಿಯುತ್ತದೆ. ನನ್ನ ಶ್ರೀಮತಿ ಐವತ್ತರಿಂದ ಆರಂಭಿಸಿ ಎಪ್ಪತ್ತಕ್ಕೆ ಮುಗಿಸಿದಳು. ಅಂಗಡಿಯಾಕೆ ನೋಟುಗಳನ್ನು ತೆಗೆದುಕೊಂಡು, ಒಡನೆಯೆ ಪೆಟ್ಟಿಗೆಗೆ ಹಾಕದೆ, ಅಂಗಡಿಯಲ್ಲಿದ್ದ ಬಟ್ಟೆಗಳ ಮೇಲೆಲ್ಲ ಅವುಗಳಿಂದ ಮೆಲ್ಲಗೆ ತಟ್ಟುತ್ತ, “ಲಾರಿಸ್, ಲಾರಿಸ್” ಎಂದಳು. ಬೇಗ ಬೇಗ ಮಾರಿ ಹೋಗಲಿ ಎಂದು ಅರ್ಥವಂತೆ. ನನ್ನ ಶ್ರೀಮತಿಗೆ ಯಾವ ವ್ಯುತ್ಪತ್ತಿಯೂ ಬೇಕಾಗಲಿಲ್ಲ. “ಅಯ್ಯೋ, ಬೋಣಿ ಕಣ್ರೀ! ಬೋಣಿ ಹೊತ್ತಿನಲ್ಲಿ ಇಷ್ಟು ಜಗ್ಗಬಾರದಾಗಿತ್ತು” ಎಂದು ಪೇಚಾಡಿಕೊಂಡಳು. ಮೊದಲ ವ್ಯಾಪಾರದ ಕಾಸನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮ ಸೊಪ್ಪಿನವಳಿಗೂ ಈ ಬಟ್ಟೆಯವಳಿಗೂ ನಡುವೆ ಒಂದು ಮಹಾಸಾಗರ ಇದೆಯೆಂಬುದು ಆ ಕ್ಷಣದಲ್ಲಿ ಮರೆತೇ ಹೋಯಿತು.

೨೦೨೦ರಲ್ಲಿ ಮಹಾಮಾರಿ ಬಂದಾಗ ಈ ದ್ವೀಪಕ್ಕೆ ಪ್ರವಾಸಿಗಳು ಬರುವುದೇ ನಿಂತುಹೋಗಿತ್ತು. ಎಷ್ಟೋ ಮಂದಿ ಗದ್ದೆಗೆ, ಕಡಲ ಪಾಚಿಯ ಕೃಷಿಗೆ ಹಿಂದಿರುಗಿದರು. ಆ ದಿನಗಳನ್ನು ಕಂಡವಳ ‘ಲಾರಿಸ್’ ಎಂಬ ಮಾತಿನಲ್ಲಿ ಬರಿಯ ಶಾಸ್ತ್ರವಷ್ಟೆ ಇರಲಾರದು.

ನನ್ನ ಪರಾಕ್ರಮವನ್ನೂ ಹೇಳಿಬಿಡುತ್ತೇನೆ. ಮರದ ಒಂದು ಸರಸ್ವತಿಗೆ ಆರು ಲಕ್ಷ ಹೇಳಿದರು. ನಾನು ಎರಡಕ್ಕೆ ಕೇಳಿ, ಎರಡು ಬಾರಿ ಹೊರಟು ಹೋದಂತೆ ನಟಿಸಿ, ಎರಡೂವರೆಗೆ ಕೊಂಡೆ. ಗೆದ್ದ ಹಮ್ಮಿನಿಂದ ಬಂಡಿಯ ಬಳಿಗೆ ಬಂದರೆ ಅರ್ಥಶಾಸ್ತ್ರದ ನಮ್ಮ ಮಿತ್ರರ ಕೈಯಲ್ಲಿ ಅಂಥದೇ ಸರಸ್ವತಿ, ಒಂದೂವರೆ ಲಕ್ಷ. ಆ ಕ್ಷಣದಿಂದ ನನ್ನ ಸರಸ್ವತಿಯ ಮುಖದ ಕಳೆಯೇ ಇಳಿದಂತೆ ತೋರಿತು. ವಸ್ತು ಅದೇ, ಕೆತ್ತನೆ ಅದೇ. ಬದಲಾದದ್ದು ಮಿತ್ರರು ಹೇಳಿದ ಒಂದು ಅಂಕಿ. ಕೊಂಡವನ ಸಂತೋಷ ಎಷ್ಟು ತೆಳುವಾದ ನೂಲಿನಲ್ಲಿ ಜೋತಾಡುತ್ತದೆ!

ಇನ್ನೂ ಸೂಕ್ಷ್ಮವಾಗಿ ನೋಡಿದರೆ ಆ ಸಂತೆಯಲ್ಲಿ ಬಾಲಿಯದಲ್ಲದ ಬಾಲಿಯೂ ಬಹಳ ಇದೆ. ಬತಿಕ್ ಬಹುಮಟ್ಟಿಗೆ ಜಾವಾದಿಂದ ಬರುತ್ತದೆ. ಗರಿ ಕಟ್ಟಿದ ಬಳೆಯಂಥ ‘ಕನಸು ಹಿಡಿಯುವ ಬಲೆ’ ಅಮೆರಿಕದ ಮೂಲನಿವಾಸಿಗಳದು. ಅದೂ ಅಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತದೆ. ಪ್ರವಾಸಿಗೆ ಯಾವುದು ಬೇಕೋ ಅದನ್ನು ಸಂತೆ ಕೊಡುತ್ತದೆ. ಇದಕ್ಕೆ ಸಂತೆಯನ್ನು ಬಯ್ದು ಪ್ರಯೋಜನವಿಲ್ಲ.

ಈ ಚಿಂತೆ ಹೊಸದೂ ಅಲ್ಲ. ೧೯೨೦ರ ದಶಕದಲ್ಲಿ ಡಚ್ಚರ ಹಡಗುಗಳು ಪ್ರವಾಸಿಗಳನ್ನು ಇಲ್ಲಿಗೆ ತರತೊಡಗಿದುವು. ರವೀಂದ್ರನಾಥ ಠಾಕೂರರು ಬಾಲಿಗೆ ಬಂದದ್ದು ೧೯೨೭ರಲ್ಲಿ. ದೇವಾಲಯಕ್ಕಾಗಿ, ಅರಮನೆಗಾಗಿ ಕೆತ್ತುತ್ತಿದ್ದ, ಬರೆಯುತ್ತಿದ್ದ ಕೈಗಳು ಪೆಟ್ಟಿಗೆಯಲ್ಲಿ ಹಿಡಿಸುವಂಥ ಸಣ್ಣ ವಸ್ತುಗಳನ್ನು ಬೇಗ ಬೇಗ ಮಾಡಲು ಕಲಿತವು. ಕೆಲಸದ ಮಟ್ಟ ಇಳಿಯುವುದೆಂದು ಹೆದರಿ ಉಬುದ್ ಎಂಬ ಊರಿನಲ್ಲಿ ೧೯೩೬ರಲ್ಲಿ ಒಂದು ಕಲಾವಿದರ ಸಂಘವಾಯಿತು. ಅಲ್ಲಿಯ ರಾಜಮನೆತನದ ಚೊಕೊರ್ದ ಗ್ದೆ ಅಗುಂಗ್ ಸುಕಾವತಿ, ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್, ಡಚ್ ಚಿತ್ರಕಾರ ರುಡಾಲ್ಫ್ ಬೊನೆ ಇದರ ಮುಂದಾಳುಗಳು. ಒಳ್ಳೆಯ ಕೃತಿಗಳನ್ನು ಆರಿಸಿ ಹೊರನಾಡಿನ ಪ್ರದರ್ಶನಗಳಿಗೆ ಕಳುಹಿಸುತ್ತಿದ್ದರು. ಆ ಸಂಘಕ್ಕೆ ಅವರಿಟ್ಟ ಹೆಸರು ‘ಪಿತಾ ಮಹಾ’. ಪಿತಾಮಹನೆಂದರೆ ಅವರಿಗೆ ಸೃಷ್ಟಿಕರ್ತ. ನನಗೆ ಮಾತ್ರ ಆ ಹೆಸರನ್ನು ಓದಿದಾಗ ಮನೆಯ ತಾತನ ನೆನಪಾಯಿತು. ಏಕೆಂಬುದು ಮುಂದೆ ತಿಳಿಯುತ್ತದೆ.

ಮರುದಿನ ದ್ವೀಪದ ಪೂರ್ವಕ್ಕಿರುವ ತೆಂಗನಾನ್ ಎಂಬ ಹಳ್ಳಿಗೆ ಹೋದೆವು. ಬಾಲಿಯ ಅತಿ ಹಳೆಯ ಆಚಾರಗಳನ್ನು ಉಳಿಸಿಕೊಂಡು ಬಂದ ಜನರ ಊರು ಅದು. ಕಲ್ಲು ಹಾಸಿದ ಅಗಲವಾದ ಬೀದಿ, ಎರಡು ಕಡೆಯೂ ಸಾಲುಮನೆಗಳು, ಬಣ್ಣ ಹಚ್ಚಿದ ಹುಂಜಗಳನ್ನು ಕೂಡಿದ ಬಿದಿರಿನ ಬುಟ್ಟಿಗಳು. ಇಲ್ಲಿಯ ಹೆಂಗಸರು ನೇಯುವ ಬಟ್ಟೆಗೆ ಗೆರಿಂಗ್‌ಸಿಂಗ್ ಎಂದು ಹೆಸರು. ‘ಗೆರಿಂಗ್’ ಎಂದರೆ ರೋಗ, ‘ಸಿಂಗ್’ ಎಂದರೆ ಇಲ್ಲ. ಉಟ್ಟವನನ್ನು ಕೇಡು ಮುಟ್ಟದಂತೆ ಕಾಯುವ ಬಟ್ಟೆ. ಹಾಸು ಹೊಕ್ಕು ಎರಡನ್ನೂ ನೇಯುವುದಕ್ಕೆ ಮುಂಚೆಯೆ ಅಲ್ಲಲ್ಲಿ ಕಟ್ಟಿ ಬಣ್ಣದಲ್ಲಿ ಅದ್ದಿ, ಮಗ್ಗದ ಮೇಲೆ ಚುಕ್ಕೆಗೆ ಚುಕ್ಕೆ ಕೂಡುವಂತೆ ನೇಯುವ ಈ ವಿದ್ಯೆ ಲೋಕದಲ್ಲಿ ಕೆಲವೇ ಕಡೆಗಳಲ್ಲಿದೆ: ಗುಜರಾತಿನ ಪಾಟಣ, ತೆಲಂಗಾಣದ ಪುಟ್ಟಪಾಕ, ಜಪಾನು, ಮತ್ತು ಈ ಪುಟ್ಟ ಹಳ್ಳಿ. ಪಾಟಣದ ಪಟೋಲ ಹಿಂದೆ ಹಡಗಿನಲ್ಲಿ ಈ ದ್ವೀಪಗಳಿಗೆ ಬರುತ್ತಿತ್ತು. ಇಲ್ಲಿ ಅದಕ್ಕೆ ದೇವರ ವಸ್ತುವಿನ ಮರ್ಯಾದೆಯಿತ್ತು. ಗೆರಿಂಗ್‌ಸಿಂಗ್‌ನ ಕೆಂಪು ಮೆಂಗ್‌ಕುಡು ಎಂಬ ಮರದ ಬೇರಿನ ತೊಗಟೆಯದು. ನಮ್ಮಲ್ಲಿ ಈಚೆಗೆ ನೋನಿ ಎಂದು ಸೀಸೆಯಲ್ಲಿ ಮಾರುವುದು ಇದರ ಹಣ್ಣಿನ ರಸವನ್ನೆ. ನೀಲಿಯನ್ನು ಈ ಊರಿನಲ್ಲಿ ಅದ್ದಕೂಡದೆಂದು ಕಟ್ಟು. ಅದಕ್ಕಾಗಿ ನೂಲು ನೆರೆಯ ಬುಗ್‌ಬುಗ್ ಹಳ್ಳಿಗೆ ಹೋಗಿ ಬರುತ್ತದೆ. ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಬೆಲೆಯನ್ನು ಕೇಳಿ ನಾವು ಗೌರವದಿಂದ ದೂರ ಸರಿದೆವು. ಅಲ್ಲಿ ಚೌಕಾಶಿಗೆ ಬಾಯಿ ಬರಲಿಲ್ಲ.

ಬೀದಿಯ ಬದಿಯ ಜಗಲಿಯೊಂದರಲ್ಲಿ ವಯಸ್ಸಾದವರೊಬ್ಬರು ಸಣ್ಣ ಮಣೆಯ ಮುಂದೆ ಕುಳಿತು ಏನನ್ನೋ ಕೊರೆಯುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ತಾಳೆಯ ಗರಿ! ಅವರ ಭಾಷೆಯಲ್ಲಿ ಇದು ‘ಲೊಂತರ್’. ಮೂಲದಲ್ಲಿ ‘ರೊನ್ ತಾಲ್’; ರೊನ್ ಎಂದರೆ ಎಲೆ, ತಾಲ್ ನಮ್ಮ ತಾಳವೇ. ಬಾಯಿಂದ ಬಾಯಿಗೆ ಅಕ್ಷರಗಳು ಸ್ಥಾನಪಲ್ಲಟ ಹೊಂದಿ ಲೊಂತರ್ ಆಯಿತು. ಕಬ್ಬಿಣದ ಮೊನಚು ಚೂರಿಯಿಂದ ಗರಿಯ ಮೇಲೆ ಕೊರೆದು, ಕೆಮಿರಿ ಎಂಬ ಎಣ್ಣೆಕಾಯಿಯನ್ನು ಸುಟ್ಟು ಅದರ ಕರಿಯನ್ನು ತಿಕ್ಕಿ ಒರೆಸಿದರು. ಅದುವರೆಗೆ ಕಣ್ಣಿಗೆ ಕಾಣದಿದ್ದ ಸಾಲುಗಳು ಕಪ್ಪಾಗಿ ಎದ್ದು ನಿಂತವು. ನಮ್ಮ ಹಿರಿಯರು ಕಂಟದಲ್ಲಿ ಬರೆದು ಮಸಿ ತಿಕ್ಕುತ್ತಿದ್ದುದೂ ಹೀಗೆಯೇ. ಹಸ್ತಪ್ರತಿಶಾಸ್ತ್ರದ ಪಾಠದಲ್ಲಿ ಈ ಕ್ರಮವನ್ನು ನಾನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ಪ್ರವಾಸಿಗಳಿಗಾಗಿ ಅವರು ರಾಮಾಯಣದ ಚಿತ್ರ, ಪಂಚಾಂಗ, ಹೆಸರು ಕೆತ್ತಿದ ಪುಸ್ತಕದ ಗುರುತುಪಟ್ಟಿ ಮುಂತಾದುವನ್ನು ಮಾಡುತ್ತಾರೆ. ನನ್ನ ಶ್ರೀಮತಿಯ ಹೆಸರನ್ನು ಕೇಳಿ ಬಾಲಿಯ ಲಿಪಿಯಲ್ಲಿ ಬರೆದುಕೊಟ್ಟರು. ಆ ಲಿಪಿಯೂ ನಮ್ಮದೂ ಬ್ರಾಹ್ಮಿಯ ಸಂತಾನ. ನಮ್ಮ ಒತ್ತಕ್ಷರದಂತೆ ಅಲ್ಲಿಯೂ ಎರಡನೆಯ ವ್ಯಂಜನ ಮೊದಲಿನದರ ಕೆಳಗೆ ಕೂರುತ್ತದೆ. ಅದಕ್ಕೆ ಅವರ ಹೆಸರು ‘ಗಂತುಂಗಾನ್’, ಎಂದರೆ ತೂಗುಬಿಟ್ಟದ್ದು. ನಮ್ಮ ಸಾರಥಿಯಾಗಿದ್ದ ತರುಣನ ಮೂಲಕ, “ನಾನೂ ನನ್ನ ನಾಡಿನಲ್ಲಿ ಹಳೆಯ ಕಾವ್ಯ ಪಾಠ ಹೇಳುವವನು” ಎಂದೆ. ಮುದುಕರ ಮುಖ ಅರಳಿತು. ಒಳಗಿನಿಂದ ಒಂದು ಕಟ್ಟನ್ನು ತಂದು, ಹಲಗೆ ಬಿಚ್ಚಿ, ರಾಗವಾಗಿ ಓದತೊಡಗಿದರು. ಅರ್ಜುನನ ಹೆಸರು ಎರಡು ಮೂರು ಸಲ ಕಿವಿಗೆ ಬಿತ್ತು. ಅದು ‘ಅರ್ಜುನವಿವಾಹ’, ಹನ್ನೊಂದನೆಯ ಶತಮಾನದಲ್ಲಿ ಕವಿ ಕಣ್ವ ಹಳೆಯ ಜಾವಾ ಭಾಷೆಯಲ್ಲಿ, ಸಂಸ್ಕೃತದ ವೃತ್ತಗಳಲ್ಲಿ ರಚಿಸಿದ ಕಾವ್ಯ. ಪಂಪನಾದ ಸುಮಾರು ನೂರು ವರ್ಷಗಳಿಗೆ, ಅವನಂತೆಯೆ ಅರ್ಜುನನ ತಪಸ್ಸನ್ನೂ ಕಿರಾತನೊಡನೆ ಆದ ಕಾಳಗವನ್ನೂ ಹೇಳಿದವನು ಇವನು. ಒಬ್ಬರು ಪದ್ಯವನ್ನು ಹಾಡಿದರೆ ಇನ್ನೊಬ್ಬರು ಜನರ ಭಾಷೆಯಲ್ಲಿ ಅರ್ಥ ಬಿಡಿಸುವುದು ಅಲ್ಲಿಯ ಪದ್ಧತಿ. ನಮ್ಮ ಗಮಕಿಗಳೂ ವ್ಯಾಖ್ಯಾನಕಾರರೂ ಶ್ರಾವಣದಲ್ಲಿ ಮಾಡುವುದೂ ಇದನ್ನೇ ಅಲ್ಲವೆ?

ಗರಿಗೆ ಎಷ್ಟು ಆಯುಸ್ಸೆಂದು ಕೇಳಿದೆ. ಸೆಖೆ, ಹುಳು, ತೇವ; ಈ ದ್ವೀಪದಲ್ಲಿ ಯಾವ ಗರಿಯೂ ಬಹುಕಾಲ ಬಾಳದು. “ಆದುದರಿಂದಲೇ ಮತ್ತೆ ಬರೆಯುತ್ತೇವೆ. ಗರಿ ಸಾಯುತ್ತದೆ, ಬರೆಯುವುದು ನಿಲ್ಲಬಾರದು” ಎಂದರು. ಇನ್ನೂರ ಹತ್ತು ದಿನಗಳಿಗೊಮ್ಮೆ ಅಲ್ಲಿ ಸರಸ್ವತಿಯ ಹಬ್ಬ. ಅಂದು ಕಟ್ಟುಗಳನ್ನೆಲ್ಲ ಹೊರತೆಗೆದು ಪೂಜಿಸುತ್ತಾರೆ. ಓದು ಬರಹಗಳಿಗೆ ಅಂದು ಬಿಡುವು. ನಮ್ಮ ನವರಾತ್ರಿಯ ಪುಸ್ತಕಪೂಜೆಯೇ ಇದು.

ಇಷ್ಟೆಲ್ಲ ಆದಮೇಲೆ, ಐದು ಗರಿಗಳ ಒಂದು ಪುಟ್ಟ ರಾಮಾಯಣದ ಬೆಲೆ ಕೇಳಿದೆ. ಮೂರು ಲಕ್ಷ ಎಂದರು. ಎರಡು ದಿನಗಳ ಅಭ್ಯಾಸಬಲ. ನನ್ನ ಬಾಯಿ ತಾನಾಗಿಯೆ “ಒಂದೂವರೆ” ಎಂದುಬಿಟ್ಟಿತು. ಮುದುಕರು ಸಿಟ್ಟಾಗಲಿಲ್ಲ. “ನಾಲ್ಕು ದಿನದ ಕೆಲಸ, ಬಾಪಾ” ಎಂದು ಮಾತ್ರ ಹೇಳಿ ಕೈಯ ಮಸಿಯನ್ನು ಒರೆಸಿಕೊಂಡರು. ಒಂದು ಗಂಟೆಯ ಪಾಠಕ್ಕೆ ಸರಕಾರ ನನಗೆ ಕೊಡುವ ಸಂಬಳದ ಲೆಕ್ಕ ನೆನಪಾಗಿ ಕಿವಿ ಬೆಚ್ಚಗಾಯಿತು. ಮೂರು ಲಕ್ಷವನ್ನೂ ಎಣಿಸಿಕೊಟ್ಟೆ. ಉದಾರತೆಯಿಂದಲ್ಲ, ನಾಚಿಕೆಯಿಂದ.

ಸಂಜೆ ಹಿಂದಿರುಗುವ ಹಾದಿಯಲ್ಲಿ ಹಳೆಯ ವಸ್ತುಗಳ ಅಂಗಡಿಯೊಂದರ ಮುಂದೆ ಬಂಡಿ ನಿಂತಿತು. ಒಡೆಯ ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ಕಂಡು, “ಇದು ಹೊಸದು. ನಿಜವಾದದ್ದನ್ನು ತೋರಿಸಲೆ?” ಎಂದು ಒಳಗಿನಿಂದ ಗರಿಗಳನ್ನು ತಂದ. ದಾರ ಕಳಚಿದ್ದ, ಕಂದುಬಣ್ಣಕ್ಕೆ ತಿರುಗಿದ್ದ ಹತ್ತು ಹನ್ನೆರಡು ಗರಿಗಳು. ಒಂದೊಂದರಲ್ಲಿಯೂ ಮೂರು ತೂತು, ನಾಲ್ಕು ನಾಲ್ಕು ಸಾಲು. ಅಂಚುಗಳು ನುಸಿ ತಿಂದವು. ಬಿಡಿಬಿಡಿಯಾಗಿ ಮಾರುತ್ತಾನಂತೆ. “ಒಂದು ಸಾಕು. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿ, ಬಹಳ ಚೆನ್ನಾಗಿರುತ್ತದೆ” ಎಂದ.

ಅದು ನಿಜವಾಗಿ ಹಳೆಯದೋ, ಹೊಗೆ ಹಾಕಿ ಹಳತು ಮಾಡಿದ್ದೋ ನಾನು ಹೇಳಲಾರೆ. ಸುಳ್ಳಾದರೆ ನನಗೆ ಹಣ ನಷ್ಟ. ನಿಜವಾದರೆ ಅದಕ್ಕಿಂತ ದೊಡ್ಡ ನಷ್ಟ, ನನಗಲ್ಲ. ನಿಜವಾದ ಪ್ರಾಚೀನ ವಸ್ತುವನ್ನು ಅನುಮತಿಯಿಲ್ಲದೆ ಹೊರನಾಡಿಗೆ ಒಯ್ಯುವುದನ್ನು ಇಂಡೊನೇಷ್ಯದ ೨೦೧೦ರ ಕಾನೂನು ತಡೆಯುತ್ತದೆ; ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಯನ್ನು ಪುರಾವಸ್ತುವೆಂದು ನಮ್ಮ ದೇಶದ ೧೯೭೨ರ ಕಾನೂನೂ ಎಣಿಸುತ್ತದೆ. ಆದರೆ ನನ್ನ ಕೈಯನ್ನು ತಡೆದದ್ದು ಕಾನೂನಲ್ಲ, ಗಾಜು ಮತ್ತು ಗೋಡೆ ಎಂಬ ಮಾತು.

ನಮ್ಮ ತಾತ ಶ್ರಾವಣದಲ್ಲಿ ಜೈಮಿನಿ ಭಾರತವನ್ನು ವಾಚಿಸುತ್ತಿದ್ದರು. ಅವರ ಹಿರಿಯರು ಬರೆದ ಓಲೆಯ ಕಟ್ಟೊಂದು ಮನೆಯಲ್ಲಿತ್ತು. ಅವರು ಹೋದ ಮೇಲೆ, ೧೯೯೬ರಲ್ಲಿ, ಮನೆ ಹಿಸ್ಸೆಯಾಯಿತು. ಹೊಲ, ಪಾತ್ರೆ, ಹಿತ್ತಾಳೆ ದೀಪಗಳನ್ನು ಹಂಚಿಕೊಂಡ ಮೇಲೆ ಕಟ್ಟು ಯಾರಿಗೆ ಎಂಬ ಮಾತು ಬಂತು. ಜಗಳ ಬೇಡವೆಂದು ದೊಡ್ಡಪ್ಪನವರೇ ದಾರ ಬಿಚ್ಚಿ, “ಅಪ್ಪನ ನೆನಪಿಗೆ ಎಲ್ಲರಿಗೂ ಇರಲಿ” ಎಂದು ಐದು ಪಾಲು ಮಾಡಿದರು. ಅವರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಕಾವ್ಯ ಐದು ಮನೆಗಳಿಗೆ ಚೆದರಿತು; ಮುಂದೆ ಮಕ್ಕಳಿಗೆ ಒಂದೊಂದು, ಎರಡೆರಡು. ನನ್ನ ಪಾಲಿಗೆ ಬಂದ ಒಂದು ಗರಿಗೆ, ಎಂ.ಎ. ಮುಗಿದ ವರ್ಷ, ನಾನೇ ಗಾಜು ಹಾಕಿಸಿದೆ. ಮನೆಗೆ ಬಂದ ವಿದ್ಯಾರ್ಥಿಗಳಿಗೆ ತೋರಿಸಿ ಹೆಮ್ಮೆಪಟ್ಟುಕೊಳ್ಳುತ್ತಿದ್ದೆ.

ಆ ಅಂಗಡಿಯಲ್ಲಿ ಗರಿಯನ್ನು ತಿರುಗಿಸಿ ಹಿಂಬದಿಯನ್ನು ನೋಡುತ್ತಿದ್ದಾಗ ಥಟ್ಟನೆ ಹೊಳೆಯಿತು: ನನ್ನ ಮನೆಯ ಗರಿಯ ಹಿಂಬದಿಯಲ್ಲಿ ಏನಿದೆಯೆಂದು ಇಪ್ಪತ್ತು ವರ್ಷಗಳಿಂದ ನಾನು ಓದಿಲ್ಲ. ಅದು ಗೋಡೆಗೆ ಮುಖಮಾಡಿಕೊಂಡಿತ್ತು.

ಗರಿಯನ್ನು ಹಿಂದಿರುಗಿಸಿ ಬಂದುಬಿಟ್ಟೆ. ಇದರಿಂದ ಆ ಕಟ್ಟು ಉಳಿಯಿತೆಂದು ನಾನು ಭ್ರಮಿಸುವುದಿಲ್ಲ. ಮರುದಿನ ಬಂದವರು ಕೊಂಡಿರಬಹುದು. ‘ದೇಶವರ್ಣನ’ ಎಂದೂ ಹೆಸರುಳ್ಳ, ಪ್ರಪಂಚನೆಂಬ ಕವಿ ೧೩೬೫ರಲ್ಲಿ ಬರೆದ ‘ನಾಗರಕೃತಾಗಮ’ದ ಓಲೆಪ್ರತಿ ನೆರೆಯ ಲೊಂಬೊಕ್ ದ್ವೀಪದ ಅರಮನೆಯಲ್ಲಿತ್ತು. ೧೮೯೪ರಲ್ಲಿ ಡಚ್ಚರ ಸೇನೆ ಅರಮನೆಯನ್ನು ಹಿಡಿದಾಗ ವಿದ್ವಾಂಸನೊಬ್ಬನ ಕಣ್ಣಿಗೆ ಬಿದ್ದು ಉಳಿಯಿತು. ಹಾಲೆಂಡಿಗೆ ಹೋಗಿ ೧೯೭೦ರ ದಶಕದಲ್ಲಿ ತಾಯ್ನಾಡಿಗೆ ಮರಳಿತು. ಕಟ್ಟು ಕಟ್ಟಾಗಿಯೇ ಹೋದದ್ದರಿಂದ ಕಟ್ಟಾಗಿಯೇ ಮರಳಬಹುದಾಯಿತು. ಬಿಡಿಗರಿ ಎಲ್ಲಿಗೆ ಮರಳೀತು?

ಊರಿಗೆ ಬಂದವನೆ ಚೌಕಟ್ಟನ್ನು ಬಿಚ್ಚಿಸಿದೆ. ಅಂಚಿನಲ್ಲಿ ಗರಿಯ ಸಂಖ್ಯೆ ೫೭ ಎಂದಿತ್ತು. ಹಿಂಬದಿಯ ಕೊನೆಯ ಷಟ್ಪದಿ ನಡುವಿನಲ್ಲಿಯೆ ನಿಂತುಹೋಗಿತ್ತು, ಉಳಿದರ್ಧ ೫೮ರಲ್ಲಿ. ಅಚ್ಚಿನ ಪುಸ್ತಕದಲ್ಲಿ ಆ ಪದ್ಯ ಉಂಟು, ನಿಜ. ಆದರೆ ನಮ್ಮ ಮನೆಯ ಆ ಹಿರಿಯರು ಅದನ್ನು ಹೇಗೆ ಬರೆದಿದ್ದರು, ಯಾವ ಪಾಠವನ್ನು ಹಿಡಿದಿದ್ದರು ಎಂಬುದು ಅಚ್ಚಿನಲ್ಲಿಲ್ಲ. ದೊಡ್ಡಪ್ಪನ ಮಕ್ಕಳಿಗೆ, ಚಿಕ್ಕಪ್ಪನವರಿಗೆ, ಅತ್ತೆಗೆ ಕಾಗದ ಬರೆದೆ. ಕೊನೆಯ ಗರಿ ಅತ್ತೆಯ ದೇವರಮನೆಯಲ್ಲಿತ್ತು. ಅದರ ಸಂಖ್ಯೆ ೧೪೨. ಇದುವರೆಗೆ ಅರುವತ್ತೊಂದು ಬಂದಿವೆ. ಚಿಕ್ಕಪ್ಪನವರ ಪಾಲನ್ನು ಗೆದ್ದಲು ಮುಗಿಸಿದೆ. ೫೮ ಹೊರದೇಶದಲ್ಲಿರುವ ತಮ್ಮನೊಬ್ಬನ ಮನೆಯಲ್ಲಿದೆಯೆಂದು ತಿಳಿಯಿತು. ಅವನು ಬರೆದ: “ಅಣ್ಣ, ಆ ಮನೆಯದೆಂದು ನನ್ನ ಬಳಿ ಉಳಿದಿರುವುದು ಇದೊಂದೇ. ಎರಡು ಬದಿಯ ಚಿತ್ರವನ್ನೂ ಕಳುಹಿಸುತ್ತೇನೆ. ಗರಿಯನ್ನು ಮಾತ್ರ ಕೇಳಬೇಡ.” ಅವನಿಗೆ ಏನೆಂದು ಉತ್ತರ ಬರೆಯಲಿ? ಅವನಿಗೆ ಕನ್ನಡ ಓದಲು ಬರುತ್ತದೆ. ಅವನ ಮಕ್ಕಳಿಗೆ ಬಾರದು. ಆದರೂ ಅವನ ಗೋಡೆಯ ಮೇಲೆ ಅದು ನಮ್ಮ ತಾತನೇ. ಚಿತ್ರ ಬಂತು, ಪದ್ಯ ಪೂರ್ತಿಯಾಯಿತು, ಹೆಚ್ಚು ಕೇಳಲಿಲ್ಲ.

ಬಂದ ಗರಿಗಳಿಗೆ ಎಣ್ಣೆ ಸವರಿ, ಸಂಖ್ಯೆಯಂತೆ ಜೋಡಿಸಿ, ಹೊಸ ದಾರ ಹಾಕಿದ್ದೇನೆ. ಇಲ್ಲದ ಗರಿಗಳ ಜಾಗದಲ್ಲಿ ಅದೇ ಅಳತೆಯ ರಟ್ಟಿನ ಪಟ್ಟಿ ಇಟ್ಟು ಸಂಖ್ಯೆ ಬರೆದಿದ್ದೇನೆ. ಗೋಡೆಯಲ್ಲಿ ಚೌಕಟ್ಟಿದ್ದ ಕಡೆ ಸುಣ್ಣ ಬೆಳ್ಳಗೆ ಉಳಿದಿತ್ತು. “ಅಲ್ಲಿಗೆ ಬಾಲಿಯ ರಾಮಾಯಣವನ್ನೇ ತೂಗುಹಾಕಿದರಾಯಿತು, ಅದು ಅದಕ್ಕೆಂದೇ ಮಾಡಿದ್ದಲ್ಲವೆ?” ಎಂದಳು ನನ್ನ ಶ್ರೀಮತಿ. ತೂಗುಹಾಕಿದೆವು. ಬಂದವರು ಅದರ ಬೆಲೆಯನ್ನು ಕೇಳುತ್ತಾರೆ. ಮೂರು ಲಕ್ಷ ಎಂದು ಹೇಳಿ, ಅವರು ಬೆಚ್ಚಿಬೀಳುವುದನ್ನು ನೋಡುತ್ತೇನೆ.